ಒಳಗಿನ ಚಿಲಕ

ಹತ್ತನೆಯ ವಯಸ್ಸಿನಿಂದ ಹದಿನೈದನೆಯ ವಯಸ್ಸಿನವರೆಗೆ ನಾನು ಬಚ್ಚಲಿಗೆ ಚಿಲಕ ಹಾಕಿಕೊಂಡು ಸ್ನಾನ ಮಾಡಿದವಳಲ್ಲ. ಮೊದಲು ವಿಶಾಖಪಟ್ಟಣದ ಬಾಡಿಗೆ ಮನೆಯಲ್ಲಿ, ಆಮೇಲೆ ವಿಜಯವಾಡದ ಬಾಡಿಗೆ ಮನೆಯಲ್ಲಿ, ನಮ್ಮ ಯಾವ ಕೋಣೆಗೂ ಒಳಗಡೆ ಚಿಲಕ ಇರಲಿಲ್ಲ. ಇದ್ದವು, ನಮ್ಮಪ್ಪ ಬಿಚ್ಚಿ ತೆಗೆದಿದ್ದ. ಚಿಲಕಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಸ್ಕ್ರೂಗಳನ್ನು ಬೇರೆ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಡಬ್ಬಿಯ ಮೇಲೆ ‘ಬಚ್ಚಲು, ಅಡಿಗೆಮನೆ, ನಡುಮನೆ’ ಎಂದು ಬರೆದು ಅಟ್ಟದ ಮೇಲಿಟ್ಟಿದ್ದ. ಬ್ಯಾಂಕಿನ ಆಫೀಸರ್ ಅಲ್ಲವೇ, ಮನೆ ಬಿಡುವಾಗ ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಬೇಕಲ್ಲ. ಇದಕ್ಕೆಲ್ಲ ಕಾರಣ ದೊಡ್ಡಪ್ಪ. ಅಂದರೆ, ಕಾರಣ ದೊಡ್ಡಪ್ಪ ಎಂದು ಎಲ್ಲರೂ ನಂಬಿದ್ದರು.

ದೊಡ್ಡಪ್ಪ ನಮ್ಮಪ್ಪನ ಅಣ್ಣ, ಸೈನ್ಯದಲ್ಲಿ ಮೇಜರ್ ಆಗಿದ್ದವರು. ಯುದ್ಧದಲ್ಲಿ ಒಂದು ಕಾಲುವೆಯ ದಂಡೆಯನ್ನು ಎರಡು ದಿನ ಹಿಡಿದು ನಿಂತು, ತಮ್ಮ ಸಿಪಾಯಿಗಳನ್ನೆಲ್ಲ ಹಿಂದಕ್ಕೆ ಕಳಿಸಿ, ತಾವು ಮಾತ್ರ ತೊಡೆಯಲ್ಲಿ ಗುಂಡು ಹೊತ್ತು ಶತ್ರುಗಳ ಕೈಗೆ ಸಿಕ್ಕವರು. ಒಂದು ವರ್ಷದ ಮೇಲೆ ಕೆಲವು ತಿಂಗಳು ಅಲ್ಲಿ ಸೆರೆಯಲ್ಲಿದ್ದು ಬಂದರು. ಬಂದ ಮೇಲೆ ಸರ್ಕಾರ ಪದಕ ಕೊಟ್ಟಿತು. ಇಷ್ಟು ನಿಜ. ಇದರ ಮೇಲೆ ನಮ್ಮ ಮನೆಯವರು ಕಟ್ಟಿದ ಮಾಳಿಗೆಗಳಿಗೆ ಮಾತ್ರ ದೊಡ್ಡಪ್ಪ ಜವಾಬ್ದಾರರಲ್ಲ.

ಈಗ ಈ ವಿಷಯ ಎದ್ದದ್ದು ಒಂದು ಪುಸ್ತಿಕೆಯಿಂದ. ಗದಗಿನ ಹತ್ತಿರದ ನಮ್ಮ ಊರಿನ ಶಾಲೆಯವರು ದೊಡ್ಡಪ್ಪನ ಫೋಟೋವನ್ನು ಸಭಾಂಗಣದಲ್ಲಿ ತೂಗು ಹಾಕಿ, ಪದಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಸಂತೋಷ. ಅದಕ್ಕೊಂದು ಪುಸ್ತಿಕೆ ಮಾಡಿ, ಅಚ್ಚಿಗೆ ಹೋಗುವ ಮುಂಚೆ ನೋಡಿ ಎಂದು ಹೆಡ್‌ಮಾಸ್ತರರು ನನ್ನ ಫೋನಿಗೆ ಕಳಿಸಿದರು. ಮೂರನೆಯ ಪುಟದಲ್ಲಿ, ಸೆರೆಯಿಂದ ಬಂದ ಆ ಧೀರರು ಜೀವಮಾನವಿಡೀ ಮುಚ್ಚಿದ ಬಾಗಿಲನ್ನು ಸಹಿಸಲಿಲ್ಲ, ಅವರಿದ್ದ ಮನೆಗೆ ಚಿಲಕಗಳೇ ಇರಲಿಲ್ಲ ಎಂದಿದೆ. ನಾಲ್ಕನೆಯ ಪುಟದಲ್ಲಿ, ಪದಕದ ಪಟ್ಟಿಯ ಮೇಲೆ ಅವರ ರಕ್ತದ ಕಲೆ ಇಂದಿಗೂ ಕಾಣುತ್ತದೆ ಎಂದಿದೆ. ರಕ್ತ ಹರಿದದ್ದು ಕಾಲುವೆಯ ದಂಡೆಯಲ್ಲಿ, ಪದಕ ಸಿಕ್ಕಿದ್ದು ತಿರುಗಿ ಬಂದ ಮೇಲೆ. ಕಲೆ ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಬೇಡವೇ? ಅದು ನಮ್ಮವ್ವನ ಕುಂಕುಮ. ನಾನು ಒಂದು ವಾರ ಬೈದುಕೊಂಡು ಓಡಾಡಿದೆ. ಬೈಗುಳ ಕೇಳಿ ಬೇಸತ್ತ ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿ, ಇನ್ನು ನನ್ನ ಮುಂದೆ ಹೇಳಬೇಡ, ಇದರಲ್ಲಿ ಹೇಳು ಎಂದಳು. ಒಂದೇ ಬೆರಳಿನಲ್ಲಿ ಹೇಳುತ್ತಿದ್ದೇನೆ.

ವಿಶಾಖಪಟ್ಟಣದಲ್ಲಿ ನಾವಿದ್ದದ್ದು ಸಮುದ್ರದಿಂದ ಹತ್ತು ನಿಮಿಷದ ದಾರಿಯ ಒಂದು ಮೇಲ್ಮಹಡಿಯಲ್ಲಿ. ಕೆಳಗೆ ಮನೆಯ ಮಾಲೀಕರಾದ ನರಸಮ್ಮಗಾರು. ಆ ಉಪ್ಪುಗಾಳಿಗೆ ಕಬ್ಬಿಣ ಅನ್ನುವುದು ನಿಲ್ಲುತ್ತಿರಲಿಲ್ಲ. ಕಿಟಕಿಯ ಸರಳು, ಅವ್ವನ ರೊಟ್ಟಿ ಹಂಚು, ನನ್ನ ಕಂಪಾಸ್ ಪೆಟ್ಟಿಗೆ, ಎಲ್ಲಕ್ಕೂ ತುಕ್ಕು. ಬಚ್ಚಲಿನ ಚಿಲಕವಂತೂ ಮುಪ್ಪಿನ ಮಾವನ ಹಾಗೆ ತನ್ನದೇ ಸ್ವಭಾವ ಬೆಳೆಸಿಕೊಂಡಿತ್ತು. ಬಾಗಿಲನ್ನು ಮೊಣಕಾಲಿನಿಂದ ಸ್ವಲ್ಪ ಎತ್ತಿ, ಎಡಕ್ಕೆ ಅಲುಗಿಸಿ ಎಳೆದರೆ ಮಾತ್ರ ಬಿಚ್ಚುತ್ತಿತ್ತು. ಮನೆಯವರಿಗೆ ಇದು ಗೊತ್ತಿತ್ತು. ನೆಂಟರು ಬಂದರೆ ನೀರು ಕೊಡುವ ಮೊದಲೇ ಹೇಳುತ್ತಿದ್ದೆವು. ದೊಡ್ಡಪ್ಪ ಬಂದ ದಿನ ಮಾತ್ರ ಸಂಭ್ರಮದಲ್ಲಿ ಎಲ್ಲರೂ ಮರೆತೆವು.

ದೊಡ್ಡಪ್ಪ ಮದುವೆಯಾಗಿರಲಿಲ್ಲ. ಸೈನ್ಯ ಬಿಟ್ಟ ಮೇಲೆ ಊರಲ್ಲಿ ಒಬ್ಬರೇ, ತಮ್ಮ ಪಾಡಿಗೆ ತಾವು, ಚೆನ್ನಾಗಿಯೇ ಇದ್ದರು. ನಮ್ಮಪ್ಪನಿಗೆ ಅದು ತಡೆಯಲಿಲ್ಲ. ಅಷ್ಟು ಅನುಭವಿಸಿದ ಅಣ್ಣ ಒಬ್ಬನೇ ಇರಬಾರದು ಎಂದು ರಜೆ ಹಾಕಿ ಹೋಗಿ ಕರೆದುಕೊಂಡು ಬಂದ. ಆ ದಿನ ಅವ್ವ ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಮಾಡಿದ್ದಳು. ನರಸಮ್ಮಗಾರು ಕೆಳಗಿನಿಂದ ಗೋಂಗೂರ ಪಚ್ಚಡಿ, ಅಂದರೆ ನಮ್ಮ ಪುಂಡಿ ಸೊಪ್ಪಿನ ಚಟ್ನಿ, ಕಳಿಸಿದ್ದರು. ರೈಲಿನ ಧೂಳು ತೊಳೆದುಕೊಂಡು ಬರುತ್ತೇನೆ ಎಂದು ದೊಡ್ಡಪ್ಪ ಬಚ್ಚಲಿಗೆ ಹೋದರು. ನೀರು ಸುರಿದುಕೊಳ್ಳುವ ಸದ್ದು ಬಂತು, ನಿಂತಿತು. ಆಮೇಲೆ ಏನೂ ಇಲ್ಲ. ಕಾಲು ಗಂಟೆಯಾಯಿತು. ಅವ್ವನಿಗೆ ಚಿಲಕ ನೆನಪಾಯಿತು. ಅವಳು ಅಪ್ಪನ ಮುಖ ನೋಡಿದಳು, ಅಪ್ಪನ ಮುಖ ಬಿಳಿಚಿಕೊಂಡಿತು. ಅಣ್ಣಾ ಎಂದು ಕೂಗಿದ, ಉತ್ತರವಿಲ್ಲ. ಬಾಗಿಲು ಬಡಿದ, ಉತ್ತರವಿಲ್ಲ. ಆಮೇಲೆ ಅವ್ವನೂ ಬಡಿದಳು, ನಾನೂ ಬಡಿದೆ, ಸದ್ದು ಕೇಳಿ ಮೇಲೆ ಬಂದ ನರಸಮ್ಮಗಾರು ‘ಸಿಂಹಾದ್ರಿ ಅಪ್ಪನ್ನಾ’ ಎಂದು ತಮ್ಮ ದೇವರನ್ನು ಕೂಗುತ್ತ ಅವರೂ ಬಡಿದರು. ಕೊನೆಗೆ ಅಪ್ಪ ಹೆಗಲು ಕೊಟ್ಟು ಗುದ್ದಿದ. ತುಕ್ಕು ಹಿಡಿದ ಚಿಲಕ ಎರಡು ತುಂಡಾಗಿ ಬಾಗಿಲು ತೆರೆಯಿತು.

ದೊಡ್ಡಪ್ಪ ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತಿದ್ದರು. ಸ್ನಾನ ಮುಗಿದಿತ್ತು, ಬನಿಯನ್, ಪೈಜಾಮ ಹಾಕಿಕೊಂಡಿದ್ದರು, ತಲೆ ಬಾಚಿದ್ದರು. ಮುಖದಲ್ಲಿ ರಕ್ತವಿರಲಿಲ್ಲ, ಎರಡೂ ಕೈ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದವು. ಅಪ್ಪ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟ. ಆ ದಿನ ದೊಡ್ಡಪ್ಪ ಊಟ ಮಾಡಲಿಲ್ಲ; ಎಣ್ಣೆಗಾಯಿ ಅವ್ವನನ್ನೇ ನೋಡುತ್ತ ಕುಳಿತಿತ್ತು. ಸಂಜೆ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಮನೆಯ ಎಂಟೂ ಚಿಲಕಗಳನ್ನು ಬಿಚ್ಚಿದ. ಬ್ಯಾಂಕಿನಲ್ಲಿ ಪೆನ್ನು ಹಿಡಿಯುವ ಕೈ, ಬೊಬ್ಬೆ ಬಂತು. ದೊಡ್ಡಪ್ಪ ಒಂದು ಕುರ್ಚಿಯಲ್ಲಿ ಕುಳಿತು ಸುಮ್ಮನೆ ನೋಡಿದರು. ಆ ಸುಮ್ಮನೆ ಇದ್ದದ್ದೇ ನನ್ನ ಬಾಲ್ಯಕ್ಕೆ ಮುಳುವಾಯಿತು.

ಅಂದಿನಿಂದ ಮನೆಯಲ್ಲಿ ಎರಡು ಕಾನೂನು. ಒಂದು, ಬಾಗಿಲು ಹಾಕಿಕೊಳ್ಳುವಂತಿಲ್ಲ. ಎರಡು, ದೊಡ್ಡಪ್ಪನನ್ನು ಒಬ್ಬರನ್ನೇ ಬಿಡುವಂತಿಲ್ಲ. ಮೊದಲನೆಯದಕ್ಕೆ ಅವ್ವ ಒಂದು ಏರ್ಪಾಡು ಮಾಡಿದಳು: ಬಚ್ಚಲಿಗೆ ಹೋದವರು ಬಾಗಿಲ ಮೇಲೆ ಕೆಂಪು ಟವೆಲ್ ಹಾಕಬೇಕು, ಒಳಗಿರುವಷ್ಟು ಹೊತ್ತೂ ಜೋರಾಗಿ ಹಾಡಬೇಕು. ಟವೆಲ್ ಒಂದನ್ನೇ ನಂಬುವ ಹಾಗಿರಲಿಲ್ಲ, ಏಕೆಂದರೆ ನಾನು ಎಷ್ಟೋ ಸಲ ಬೇಕೆಂದೇ ಖಾಲಿ ಬಚ್ಚಲಿಗೆ ಟವೆಲ್ ಹಾಕಿ ಸ್ಕೂಲಿಗೆ ಹೋಗಿಬಿಡುತ್ತಿದ್ದೆ, ಅಪ್ಪ ಬ್ಯಾಂಕಿಗೆ ಹೊತ್ತಾಯಿತೆಂದು ಹೊರಗೆ ನಿಂತು ಒದ್ದಾಡುತ್ತಿದ್ದ. ಹಾಡು ಸೇರಿದ್ದು ಅದಕ್ಕೇ. ಅಪ್ಪ ದೇವರ ನಾಮ ಹಾಡುತ್ತಿದ್ದ, ಅವ್ವ ಸೋಬಾನೆ ಪದ. ನನಗೆ ಏನೂ ಬಾರದು, ಮಗ್ಗಿ ಹೇಳುತ್ತಿದ್ದೆ. ಹದಿನೇಳರ ಮಗ್ಗಿ ನನಗೆ ಇಂದಿಗೂ ನೀರು ಬಿದ್ದರೆ ತಾನಾಗಿ ಬರುತ್ತದೆ. ಹನ್ನೆರಡು ದಾಟಿದ ಹುಡುಗಿ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, ಹದಿನೇಳು ಏಳಲಿ ಎಷ್ಟು ಎಂದು ಕೂಗುತ್ತ ಸ್ನಾನ ಮಾಡುವ ಕಷ್ಟ ಆ ಪುಸ್ತಿಕೆಯ ಯಾವ ಪುಟದಲ್ಲೂ ಇಲ್ಲ.

ಎರಡನೆಯ ಕಾನೂನು ಇನ್ನೂ ಕೆಟ್ಟದ್ದು. ದೊಡ್ಡಪ್ಪನ ಜೊತೆ ಸದಾ ಒಬ್ಬರು ಇರಬೇಕು. ಬೆಳಿಗ್ಗೆ ಅಪ್ಪ, ಅಪ್ಪ ಹೋದ ಮೇಲೆ ಅವ್ವ, ಸ್ಕೂಲು ಬಿಟ್ಟ ಮೇಲೆ ನಾನು. ಅವರು ಪೇಪರ್ ಓದಿದರೆ ಎದುರಿಗೆ ಕೂತು ಅವರನ್ನು ನೋಡುವುದು. ಅವರು ಸಮುದ್ರದ ಕಡೆ ನಡೆದರೆ ಜೊತೆಗೆ ನಡೆಯುವುದು. ಅವರು ಎದ್ದರೆ ಎಲ್ಲಿಗೆ ಎಂದು ಕೇಳುವುದು. ದೊಡ್ಡಪ್ಪ ಪಾಪ, ಪ್ರತಿ ಸಲವೂ ಎಲ್ಲಿಗೆ ಎಂದು ಹೇಳಿ ಹೋಗುತ್ತಿದ್ದರು. ನನ್ನ ಗೆಳತಿಯರು ಮಾಳಿಗೆಯ ಮೇಲೆ ಆಡುತ್ತಿರುವಾಗ ನಾನು ಆರಡಿ ಎತ್ತರದ ಒಬ್ಬ ಮೇಜರನ್ನು ಕಾಯುತ್ತ ಕೂಡುತ್ತಿದ್ದೆ. ನನಗೆ ಅವರ ಮೇಲೆ ಸಿಟ್ಟಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಯುದ್ಧ ನಡೆದದ್ದು ನಾನು ಮಾತು ಕಲಿಯುವ ಮೊದಲು, ಅದರ ಸಜೆ ನನಗೇಕೆ ಅನ್ನಿಸುತ್ತಿತ್ತು.

ಪದಕದ್ದು ಬೇರೆಯೇ ಕತೆ. ದೊಡ್ಡಪ್ಪ ಅದನ್ನು ಟ್ರಂಕಿನ ತಳದಲ್ಲಿ ಕಾಲುಚೀಲಗಳ ಜೊತೆ ಇಟ್ಟಿದ್ದರು. ಅವ್ವ ಅದನ್ನು ಕಂಡು ಗಲ್ಲ ಗಲ್ಲ ಬಡಿದುಕೊಂಡು, ತಂದು ದೇವರ ಮಾಡದಲ್ಲಿ ಬಸವಣ್ಣನ ಪಕ್ಕ ನಿಲ್ಲಿಸಿದಳು. ದಿನವೂ ಅದಕ್ಕೆ ಕುಂಕುಮ, ಒಂದು ದಾಸವಾಳ, ದೀಪದ ಎಣ್ಣೆ ಸಿಡಿದದ್ದು ಬೇರೆ. ಮೂರು ತಿಂಗಳಲ್ಲಿ ಅದರ ಪಟ್ಟಿ ಅಡಿಗೆಮನೆಯ ಮಸಿಬಟ್ಟೆಯ ಬಣ್ಣಕ್ಕೆ ತಿರುಗಿತು. ಸನ್ಮಾನಕ್ಕೆ ಕರೆದಾಗಲೆಲ್ಲ ದೊಡ್ಡಪ್ಪ ಅದನ್ನು ಎದೆಗೆ ಚುಚ್ಚಿಕೊಂಡು, ಬೆರಳಿನಿಂದ ಕುಂಕುಮ ಒರೆಸಿಕೊಂಡು, ಏನೂ ಅನ್ನದೆ ಹೋಗುತ್ತಿದ್ದರು. ಸನ್ಮಾನಗಳು ಎಷ್ಟೆಂದರೆ, ಧ್ವಜ ಹಾರಿಸಲು ಅವರು, ಕನ್ನಡದವರು ಸೇರಿ ಹಬ್ಬ ಮಾಡಿದರೆ ದೀಪ ಹಚ್ಚಲು ಅವರು, ಅಪ್ಪನ ಬ್ಯಾಂಕಿನ ಹೊಸ ಶಾಖೆಗೆ ರಿಬ್ಬನ್ ಕತ್ತರಿಸಲೂ ಅವರೇ. ಎಲ್ಲ ಕಡೆಯೂ ಅವರು ಹೇಳುತ್ತಿದ್ದದ್ದು ನಾಲ್ಕೇ ವಾಕ್ಯ. ಕಾಲುವೆಯನ್ನು ನನ್ನ ಹುಡುಗರು ಕಾದರು. ನಾನು ಓಡಲಾಗದೆ ಸಿಕ್ಕಿಬಿದ್ದೆ. ಅಲ್ಲಿ ಊಟ ಸುಮಾರಾಗಿತ್ತು. ತಿರುಗಿ ಬಂದೆ, ನಮಸ್ಕಾರ. ಜನ ಇನ್ನೂ ಇದೆ ಎಂದು ಕಾಯುತ್ತ ಕೂತಿರುವಾಗಲೇ ಅವರು ಬಂದು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಉಳಿದದ್ದನ್ನು ಅಪ್ಪ ತುಂಬುತ್ತಿದ್ದ. ಅಣ್ಣ ಇಂದಿಗೂ ಚಿಲಕ ಕಂಡರೆ ನಡುಗುತ್ತಾನೆ, ಅದಕ್ಕೇ ನಮ್ಮ ಮನೆಯಲ್ಲಿ ಚಿಲಕಗಳೇ ಇಲ್ಲ ಎಂದು ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. ದೊಡ್ಡಪ್ಪ ವೇದಿಕೆಯ ಮೇಲೆ ತಮ್ಮ ಬೂಟುಗಳನ್ನು ನೋಡುತ್ತಿದ್ದರು.

ಒಮ್ಮೆ ಮಾತ್ರ ಅವರ ಮನಸ್ಸು ಸ್ವಲ್ಪ ಹೊರಗೆ ಇಣುಕಿತ್ತು, ನಮಗೆ ತಿಳಿಯಲಿಲ್ಲ. ನರಸಮ್ಮಗಾರು ನಮ್ಮನ್ನೆಲ್ಲ ಸಿಂಹಾಚಲಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿಯ ದೇವರು ವರ್ಷವಿಡೀ ಗಂಧದೊಳಗೆ ಮುಚ್ಚಿಕೊಂಡಿರುತ್ತಾನೆ, ವರ್ಷಕ್ಕೆ ಒಂದೇ ದಿನ ಗಂಧ ತೆಗೆದು ನಿಜರೂಪ ತೋರಿಸುತ್ತಾರೆ ಎಂದು ಅವರು ಭಕ್ತಿಯಿಂದ ಹೇಳಿದರು. ಉಳಿದ ದಿನ ಯಾರೂ ಒತ್ತಾಯ ಮಾಡುವುದಿಲ್ಲವೇ ಎಂದು ದೊಡ್ಡಪ್ಪ ಕೇಳಿದರು. ದೇವರಿಗೆ ಯಾರು ಒತ್ತಾಯ ಮಾಡುತ್ತಾರೆ ಎಂದು ನರಸಮ್ಮಗಾರು ನಕ್ಕರು. ದೊಡ್ಡಪ್ಪ ಗರ್ಭಗುಡಿಯ ಕಡೆ ಒಂದು ಗಳಿಗೆ ನೋಡಿ, ನನ್ನ ಕಡೆ ಬಾಗಿ ಹೇಳಿದರು:

“ಪುಣ್ಯವಂತ ದೇವರು.”

ಆಮೇಲೆ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ನರಸಮ್ಮಗಾರಿಗೆ ಏಳು ಚಿಲಕ ಮತ್ತು ಒಂದು ಮುರಿದ ಚಿಲಕವನ್ನು ಒಪ್ಪಿಸಿ ಬಂದೆವು. ಬೆಂಜ್ ಸರ್ಕಲ್ಲಿನ ಹಿಂದಿನ ಬೀದಿಯ ಮನೆ. ಇಡೀ ದಿನ ಲಾರಿಗಳ ಹಾರ್ನು, ಬೇಸಿಗೆಯಲ್ಲಿ ಗೋಡೆಗೆ ಬೆನ್ನು ತಾಗಿಸಿದರೆ ಸುಡುವ ಕಾವು. ಸಾಮಾನು ಇಳಿಸುವ ಮೊದಲೇ ಅಪ್ಪ ಅಲ್ಲಿಯ ಆರು ಚಿಲಕಗಳನ್ನು ಬಿಚ್ಚಿ ಅದೇ ಡಬ್ಬಿಗೆ ಹಾಕಿದ. ಸಮುದ್ರವಿಲ್ಲದ ಊರು, ಹೊಳೆಯುವ ಚಿಲಕಗಳು, ಬೆಣ್ಣೆಯ ಹಾಗೆ ಜಾರುತ್ತಿದ್ದವು. ನನಗೆ ಹೊಟ್ಟೆ ಉರಿಯಿತು. ನಾನಾಗ ಹತ್ತನೆಯ ತರಗತಿ. ಅಡಿಗೆಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ ಅಕ್ಕಿ ಚೀಲದ ಪಕ್ಕ ನನ್ನ ಮೇಜು. ಅವ್ವ ಬೇಳೆಗೆಂದು ಬರುತ್ತಿದ್ದಳು, ಅಪ್ಪ ಓದುತ್ತಿದ್ದೇನೆಯೇ ನೋಡಲು ಬರುತ್ತಿದ್ದ, ಪಕ್ಕದ ಮನೆಯವರು ಬಂದರೆ ಅವ್ವ ಅವರಿಗೆ ಬಾಗಿಲಲ್ಲಿ ನಿಂತು ನನ್ನನ್ನು ತೋರಿಸುತ್ತಿದ್ದಳು. ನನಗೆ ಆ ಕೋಣೆಗಾದರೂ ಒಂದು ಚಿಲಕ ಬೇಕು ಎಂದು ಹಟ ಹಿಡಿದೆ. ಮೂರು ದಿನ ಊಟ ಬಿಟ್ಟೆ, ಅಂದರೆ ಅವ್ವ ನೋಡುವಾಗ ಬಿಟ್ಟೆ. ಅವ್ವ ಕೊನೆಗೆ ಸಿಡುಕಿದಳು:

“ನಿನಗ ಒಳಗ ಏನ್ ಗುಟ್ಟೈತಿ, ಚಿಲಕ ಹಾಕ್ಕೊಳ್ಳಾಕ? ಅಲ್ಲೆ ಅವರು ಜೀವಾ ಕೈಯಾಗ ಹಿಡಕೊಂಡು ಬಂದಾರ. ಅವರ ಸಲುವಾಗಿ ನೀ ಇಷ್ಟ ಮಾಡಾಕ ಆಗೂದಿಲ್ಲೇನು?”

ದೇಶಕ್ಕಾಗಿ ಗುಂಡು ತಿಂದವರ ಮುಂದೆ ಹದಿನೈದು ವರ್ಷದ ಹುಡುಗಿಯ ಚಿಲಕ ಯಾವ ಲೆಕ್ಕ. ನಾನು ಉತ್ತರ ಕೊಡುವುದನ್ನು ಬಿಟ್ಟು ಕಳ್ಳತನಕ್ಕೆ ಇಳಿದೆ.

ಅದೊಂದು ಭಾನುವಾರ. ಸಂಜೆ ನಾಲ್ಕಕ್ಕೆ ವಿಜಯವಾಡದ ಯಾವುದೋ ಸಂಘದವರು ಕಾರು ತಂದು ದೊಡ್ಡಪ್ಪನನ್ನು ಸನ್ಮಾನಕ್ಕೆ ಕರೆದೊಯ್ಯುವವರಿದ್ದರು. ಮಧ್ಯಾಹ್ನ ಊಟವಾಗಿ ಅಪ್ಪ ಅವ್ವ ಫ್ಯಾನಿನ ಕೆಳಗೆ ಮಲಗಿದರು. ದೊಡ್ಡಪ್ಪನನ್ನು ಕಾಯುವ ಪಾಳಿ ನನ್ನದು. ಅವರು ಆರಾಮ ಕುರ್ಚಿಯಲ್ಲಿ ಮುಖದ ಮೇಲೆ ಪೇಪರ್ ಹಾಕಿಕೊಂಡಿದ್ದರು. ಪೇಪರ್ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಅಟ್ಟದಿಂದ ಡಬ್ಬಿ ಇಳಿಸಿ, ಒಂದು ಚಿಲಕ ಆರಿಸಿ, ನನ್ನ ಕೋಣೆಯ ಬಾಗಿಲಿಗೆ ಹಳೆಯ ತೂತುಗಳಲ್ಲೇ ಕೂರಿಸಲು ನೋಡಿದೆ. ತೂತುಗಳು ಸಡಿಲವಾಗಿದ್ದವು. ಸ್ಕ್ರೂ ತಿರುಗುತ್ತಿತ್ತು, ಕಚ್ಚುತ್ತಿರಲಿಲ್ಲ. ಬೆವರು ಕಣ್ಣಿಗೆ ಇಳಿದು, ಸ್ಕ್ರೂಗೆ ಬೈಯುತ್ತಿರುವಾಗ ಬೆನ್ನ ಹಿಂದೆ ದೊಡ್ಡಪ್ಪನ ದನಿ ಕೇಳಿತು.

“ಏನ್ ಮಾಡಾಕತ್ತೀ, ಶಕ್ಕೂ?”

ಕೈಯಲ್ಲಿ ಸ್ಕ್ರೂಡ್ರೈವರ್, ಬಾಗಿಲ ಮೇಲೆ ಅರ್ಧ ಕೂತ ಚಿಲಕ. ಏನಿಲ್ಲ ಎಂದೆ. ಅವರು ಬಗ್ಗಿ ಚಿಲಕ ನೋಡಿದರು. ಇನ್ನೇನು ನಡುಗುತ್ತಾರೆ, ಬೀಳುತ್ತಾರೆ, ನಾನೇ ಕೊಂದಂತೆ ಆಗುತ್ತದೆ ಎಂದು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವರು ನಡುಗಲಿಲ್ಲ. ಅಡಿಗೆಮನೆಗೆ ಹೋಗಿ ಬೆಂಕಿಪೆಟ್ಟಿಗೆ ತಂದರು. ಕಡ್ಡಿಯ ಮದ್ದಿನ ತುದಿ ಮುರಿದು, ಕಡ್ಡಿಯನ್ನು ತೂತಿಗೆ ತುರುಕಿ, ಅದರ ಮೇಲೆ ಸ್ಕ್ರೂ ಇಟ್ಟು ತಿರುಗಿಸಿದರು. ಕಚ್ಚಿತು. ನಾಲ್ಕು ಸ್ಕ್ರೂಗಳಿಗೂ ನಾಲ್ಕು ಕಡ್ಡಿ. ನಾನು ಮಾತ್ರ ಬಡಬಡಿಸುತ್ತಿದ್ದೆ.

“ಅಪ್ಪಗ ಹೇಳಬ್ಯಾಡ್ರಿ ದೊಡ್ಡಪ್ಪ. ನೀವು ಮನ್ಯಾಗ ಇದ್ದಾಗ ಹಾಕ್ಕೊಳ್ಳೂದಿಲ್ಲ. ಚಿಲಕ ಕಂಡ್ರ ನಿಮಗ ಆಗೂದಿಲ್ಲ ಅಂತ ನನಗ ಗೊತ್ತೈತಿ.”

“ಯಾರು ಹೇಳಿದ್ರು ನಿನಗ?”

“ಎಲ್ಲಾರೂ ಹೇಳ್ತಾರ.”

ದೊಡ್ಡಪ್ಪ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದರು. ಅಕ್ಕಿ ಚೀಲದ ಮೇಲೆ ಕೂತರು. ನಾಲ್ಕು ವಾಕ್ಯದ ಮನುಷ್ಯ ಅಂದು ನನಗೆ ಹೇಳಿದ್ದನ್ನು ನಾನು ಮರೆತಿಲ್ಲ.

“ಅಲ್ಲೆ ಚಿಲಕ ಹೊರಗಿತ್ತವಾ. ಯಾರ ಬೇಕಾದ್ರೂ, ಯಾವಾಗ ಬೇಕಾದ್ರೂ ತಗದು ಒಳಗ ಬರ್ತಿದ್ರು. ಉಣ್ಣೂವಾಗ, ಮಲಗಿದಾಗ, ಮೂಲ್ಯಾಗ ಕುಂತಾಗ. ಬರೂ ಮೊದ್ಲ ಬೂಟಿನಿಂದ ಬಾಗಲಾ ಬಡೀತಿದ್ರು. ಒಳಗ ಒಂದ ಚಿಲಕ ಇದ್ರ ಸಾಕಿತ್ತು ಅಂತ ದಿನಾ ಅನಸ್ತಿತ್ತು. ಊರಿಗೆ ಬಂದ ಮ್ಯಾಲೆ ದಿನಾ ಜಳಕಾ ಆದಕೂಡ್ಲೆ ಚಿಲಕ ಹಾಕ್ಕೊಂಡು ಅರ್ಧ ತಾಸು ಸುಮ್ಮ ಕೂಡ್ತಿದ್ದೆ. ಅದ ನನ್ನ ಪೂಜಿ.”

ನನಗೆ ಬೋರಲು ಹಾಕಿದ ಬಕೆಟ್ಟು ಕಣ್ಣಿಗೆ ಬಂತು. ನೀವು ಬಂದ ದಿನ ಬಚ್ಚಲಲ್ಲಿ ಸಿಕ್ಕಿಕೊಂಡಿರಲಿಲ್ಲವೇ ಎಂದು ಕೇಳಿದೆ. ಇಲ್ಲ ಎಂದರು. ಆ ಚಿಲಕ ತಮಗೆ ಒಂದೇ ಸಲಕ್ಕೆ ಬಿಚ್ಚಿ ಬಂದಿತ್ತು, ಹಾಕಿ ತೆಗೆದು ನೋಡಿಯೇ ಕೂತಿದ್ದೆ ಎಂದರು. ಹಾಗಾದರೆ ಮುಖ ಏಕೆ ಹಾಗಾಗಿತ್ತು?

“ಬಾಗಲಾ ಬಡದ್ರಲ್ಲವಾ, ಎಲ್ಲಾರೂ ಕೂಡಿ.”

ನನ್ನ ತಲೆ ಕೆಟ್ಟಿತು. ಐದು ವರ್ಷ. ಐದು ವರ್ಷದ ಟವೆಲ್ಲು, ಹದಿನೇಳರ ಮಗ್ಗಿ, ಪಾಳಿ, ಅವ್ವನ ಬೈಗುಳ, ಎಲ್ಲವೂ ಇಲ್ಲದ ಒಂದು ಕಾಯಿಲೆಗೆ. ಒಂದು ಮಾತು, ಒಂದೇ ಮಾತು ಅಪ್ಪನಿಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಜಗಳಕ್ಕೆ ನಿಂತೆ. ದೊಡ್ಡಪ್ಪ ತಪ್ಪು ಮಾಡಿದ ಹುಡುಗನ ಹಾಗೆ ಬೆಂಕಿಪೆಟ್ಟಿಗೆಯನ್ನು ತಿರುಗಿಸುತ್ತ ಕೂತಿದ್ದರು.

“ಅಂವ ಬಿಚ್ಚೂವಾಗ ಅಳಾಕತ್ತಿದ್ದ, ಶಕ್ಕೂ. ಕೈಯಾಗಿನ ಬೊಬ್ಬಿ ತಂದು ತೋರಿಸಿದ. ಅಷ್ಟ ಪ್ರೀತೀಲೆ ಮಾಡಿದ್ದನ್ನ ಬ್ಯಾಡ ಅಂತ ಹೆಂಗ ಹೇ‍ಳ್ಲಿ?”

“ನಾ ಐದು ವರ್ಷ ಮಗ್ಗಿ ಒದರಕೋತ ಜಳಕಾ ಮಾಡೇನಿ.”

“ಕೇಳೇನಿ. ಹದಿನೇಳ ಎಂಟಲೆ ನೂರಾ ಮೂವತ್ತಾರು. ನೀ ದಿನಾ ನೂರಾ ಮೂವತ್ತೆರಡು ಅಂತಿ.”

ಗುಂಡಿಗೆ ಎದೆಕೊಟ್ಟ ಮನುಷ್ಯನಿಗೆ ತಮ್ಮನ ಬೊಬ್ಬೆಗೆ ಎದುರಾಡುವ ಧೈರ್ಯ ಇರಲಿಲ್ಲ, ಅದನ್ನು ನಾನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ. ಆದರೆ ಅವರು ಎದ್ದು ನಿಂತು, ಪರರ ಮನೆಯ ಬಾಗಿಲಲ್ಲಿ ನಿಂತವರ ಹಾಗೆ ನನ್ನನ್ನು ಕೇಳಿದರು, ಕಾರು ಬರುವ ತನಕ ಸ್ವಲ್ಪ ಹೊತ್ತು ಈ ಕೋಣೆಯಲ್ಲಿ ಕೂತುಕೊಳ್ಳಲೇ ಎಂದು. ನಾನು ನನ್ನ ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ. ಬಾಗಿಲು ಮುಚ್ಚಿತು. ಚಿಲಕ ಜಾರುವ ಸದ್ದು, ನಿಧಾನವಾಗಿ, ಕೊನೆಯವರೆಗೆ.

ಸಂಘದವರು ಹೊತ್ತಿಗಿಂತ ಮೊದಲೇ ಬಂದರು. ಇಬ್ಬರು, ಕೈಯಲ್ಲಿ ಆಳೆತ್ತರದ ಗುಲಾಬಿ ಹಾರ. ಎದ್ದು ಬಂದ ಅವ್ವ ಖಾಲಿ ಆರಾಮ ಕುರ್ಚಿ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು, ಬಾಗಿಲ ಮುಂದೆ ನಿಂತ ನನ್ನನ್ನು ನೋಡಿದಳು, ಕೆಳಗೆ ಬಿದ್ದಿದ್ದ ಡಬ್ಬಿಯನ್ನು ನೋಡಿದಳು. ಅವಳ ಕೂಗಿಗೆ ಅಪ್ಪ ಬನಿಯನ್ನಿನಲ್ಲೇ ಓಡಿ ಬಂದ. ಈ ನಾಲ್ಕನ್ನೂ ಕೂಡಿಸಿ ಲೆಕ್ಕ ಹಾಕಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಬಡಿಯಲೆಂದು ಮುಷ್ಟಿ ಎತ್ತಿದ. ನಾನು ಎರಡೂ ಕೈ ಚಾಚಿ ಬಾಗಿಲಿಗೆ ಬೆನ್ನು ಹಚ್ಚಿದೆ.

“ಬಡೀಬ್ಯಾಡ ಅಪ್ಪಾ.”

“ಸರಿ ಆಕಡೆ. ಅಣ್ಣ ಒಳಗ ಸಿಕ್ಕೊಂಡಾನ.”

“ಸಿಕ್ಕೊಂಡಿಲ್ಲ. ಕುಂತಾರ.”

ಅಪ್ಪ ನನ್ನ ಕೆನ್ನೆಗೆ ಹೊಡೆದ. ಅದಕ್ಕೂ ಮೊದಲು ಹೊಡೆದಿರಲಿಲ್ಲ, ಆಮೇಲೂ ಹೊಡೆಯಲಿಲ್ಲ. ನಾನು ಸರಿಯಲಿಲ್ಲ. ನನ್ನ ಚಿಲಕಕ್ಕಾಗಿ ನಾನು ಅಷ್ಟು ಗಟ್ಟಿ ನಿಲ್ಲುತ್ತಿದ್ದೆನೋ ಇಲ್ಲವೋ. ಬೆನ್ನ ಹಿಂದೆ ಬಾಗಿಲಾಚೆ ಇನ್ನೊಮ್ಮೆ ಮೊಣಕಾಲು ಹಿಡಿದುಕೊಂಡು ಬಿಳಿಚಿಕೊಳ್ಳುವ ಮುಖ ನನಗೆ ಬೇಡವಾಗಿತ್ತು. ಅಪ್ಪ ನನ್ನ ತಲೆಯ ಮೇಲಿನಿಂದ ಬಾಗಿಲಿಗೆ ಕೈ ಎತ್ತಿದ. ಆಗ ಒಳಗಿನಿಂದ ದನಿ ಬಂತು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕೇಳದ ದನಿ, ಕಾಲುವೆಯ ದಂಡೆಯ ಮೇಲೆ ಕೇಳಿರಬಹುದಾದ ದನಿ.

“ತಡಿ.”

ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಹಾರ ಹಿಡಿದ ಇಬ್ಬರೂ ತಾವಾಗಿಯೇ ನೆಟ್ಟಗೆ ನಿಂತರು. ಹಾಗೆ ನಾವೆಲ್ಲ ಆ ಕಾವಿನಲ್ಲಿ ಕಾಲು ಗಂಟೆಯ ಮೇಲೆ ನಿಂತೆವು. ಗುಲಾಬಿ ದಳಗಳು ಒಂದೊಂದೇ ಉದುರಿದವು. ಆ ಹೊತ್ತಿನಲ್ಲಿ ನಾನು ಪಿಸುದನಿಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ: ಹೊರಗಿನ ಚಿಲಕ, ಬೂಟು, ಊರಿನ ಅರ್ಧ ತಾಸಿನ ಪೂಜೆ, ಬೋರಲು ಬಕೆಟ್ಟು. ಬೊಬ್ಬೆಯ ಮಾತನ್ನೂ ಹೇಳಿದೆ, ಹೇಳದಿದ್ದರೆ ಚೆನ್ನಾಗಿತ್ತು. ಅಪ್ಪ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ, ಬೊಬ್ಬೆ ಇನ್ನೂ ಇದೆಯೇನೋ ಎಂಬ ಹಾಗೆ. ಚಿಲಕ ಜಾರಿತು. ದೊಡ್ಡಪ್ಪ ತಲೆ ಬಾಚಿಕೊಂಡು ಹೊರಗೆ ಬಂದರು. ನನ್ನ ಕೆಂಪಾದ ಕೆನ್ನೆ ನೋಡಿದರು, ಅಪ್ಪನನ್ನು ನೋಡಿದರು, ಅಪ್ಪ ನೆಲ ನೋಡಿದ. ದೇವರ ಮಾಡದಿಂದ ಪದಕ ತೆಗೆದು, ಕುಂಕುಮ ಒರೆಸಿ, ಚುಚ್ಚಿಕೊಂಡು, ಹೋಗೋಣ ನಡೆಯಿರಿ ಎಂದರು. ಸನ್ಮಾನದಲ್ಲಿ ಅದೇ ನಾಲ್ಕು ವಾಕ್ಯ. ಅಪ್ಪ ಅಂದು ಮೈಕಿನ ಹತ್ತಿರ ಹೋಗಲಿಲ್ಲ.

ಮರುದಿನ ಬ್ಯಾಂಕಿನಿಂದ ಬಂದವನೇ ಅಪ್ಪ ಡಬ್ಬಿ ಇಳಿಸಿ ಉಳಿದ ಐದು ಚಿಲಕಗಳನ್ನೂ ಕೂರಿಸಿದ. ಪ್ರತಿ ತೂತಿಗೂ ಬೆಂಕಿಕಡ್ಡಿ ಮುರಿದು ಕೊಡುವ ಕೆಲಸ ನನ್ನದು. ಕೆಲಸ ಮುಗಿದ ಮೇಲೆ ಬಚ್ಚಲಿನಿಂದ ಕೆಂಪು ಟವೆಲ್ ತಂದು ಮಡಚಿ ನನ್ನ ಕೈಗೆ ಕೊಟ್ಟ. ಕ್ಷಮಾಪಣೆ ಇಷ್ಟೇ, ಇದಕ್ಕಿಂತ ಹೆಚ್ಚಿನದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಆದರೆ ಕೇಳಿ, ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಅಪ್ಪ ಊರಿನ ಮದುವೆಯೊಂದರಲ್ಲಿ, ಅಣ್ಣ ಚಿಲಕ ಕಂಡರೆ ನಡುಗುತ್ತಾನೆ, ಮನೆಯಲ್ಲಿ ಒಂದೂ ಇಲ್ಲ ಎಂದು ನೆಂಟರ ಮುಂದೆ ಮತ್ತೆ ಕಣ್ಣೊರೆಸಿಕೊಂಡ. ನಾನು ದುರುಗುಟ್ಟಿ ನೋಡಿದೆ. ನಿಜ ಹೇಳಬೇಕೆಂದರೆ ಐದು ವರ್ಷ ಅಣ್ಣನಿಗೆ ತಾನೇನು ಮಾಡಿದೆ ಎಂದೂ ಹೇಳಬೇಕಾಗುತ್ತಿತ್ತು. ಅದು ಅವನಿಂದ ಆಗಲಿಲ್ಲ. ಅವನು ಹೇಳಿದ್ದೇ ಊರಲ್ಲಿ ಬೆಳೆದು, ಈಗ ಹೆಡ್‌ಮಾಸ್ತರರ ಮೂರನೆಯ ಪುಟಕ್ಕೆ ಬಂದು ನಿಂತಿದೆ. ಮಾಸ್ತರರೇ, ಆ ಸಾಲು ತೆಗೆಯಿರಿ. ನಾಲ್ಕನೆಯ ಪುಟದ ಕಲೆಯನ್ನು ಬೇಕಾದರೆ ಇಟ್ಟುಕೊಳ್ಳಿ, ಅವ್ವನಿಗೆ ಸಂತೋಷವಾದೀತು.

ತೆಗೆದ ಜಾಗದಲ್ಲಿ ಏನು ಬರೆಯಬೇಕು ಎಂದು ನೀವು ಕೇಳುತ್ತೀರಿ. ಇದನ್ನು ಬರೆಯಿರಿ. ಆ ಭಾನುವಾರದ ನಂತರ ದೊಡ್ಡಪ್ಪ ನಮ್ಮ ಜೊತೆ ಇನ್ನೂ ಒಂಬತ್ತು ವರ್ಷ ಇದ್ದರು. ದಿನವೂ ಸ್ನಾನವಾದ ಮೇಲೆ ಅರ್ಧ ಗಂಟೆ ತಮ್ಮ ಕೋಣೆಯ ಚಿಲಕ ಹಾಕಿಕೊಂಡು ಕೂಡುತ್ತಿದ್ದರು. ಅಪ್ಪನಿಗೆ ಚಹಾ ಅವರ ಜೊತೆಗೇ ಕುಡಿಯುವ ಅಭ್ಯಾಸ. ಎರಡು ಕಪ್ಪು ಹಿಡಿದು ಬಾಗಿಲ ಹೊರಗೆ ನಿಂತು, ಬಡಿಯದೆ, ಮೆಲ್ಲಗೆ, ಅಣ್ಣಾ, ನಾನು ಎನ್ನುತ್ತಿದ್ದ. ನಾನು ಕಿಟಕಿಯಿಂದ ಎಷ್ಟೋ ಸಲ ಇಣುಕಿದ್ದೇನೆ, ಒಳಗೆ ದೊಡ್ಡಪ್ಪನಿಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ಪೂಜೆಯೂ ಮುಗಿದಿರುತ್ತಿತ್ತು. ಸುಮ್ಮನೆ ಕುರ್ಚಿಯಲ್ಲಿ ಕೂತು, ಬಾಗಿಲ ಕಡೆ ನೋಡಿ, ನಗುತ್ತ, ತಡಿ ಎನ್ನುತ್ತಿದ್ದರು. ಅಪ್ಪ ತಡೆಯುತ್ತಿದ್ದ. ಚಹಾ ಆರುತ್ತಿತ್ತು.